ಜಗತ್ತಿನ ಸಿನಿಮಾ, ನಮ್ಮೂರಿನ ಅಭಿಪ್ರಾಯ

ಸಿನಿಮಾದ ಬಗ್ಗೆ ಅಭಿಪ್ರಾಯವೇ ಇಲ್ಲದ ಮನುಷ್ಯ ನಮ್ಮ ಕಡೆ ಸಿಗುವುದು ದುರ್ಲಭ. ಚಹಾದಂಗಡಿಯ ಬೆಂಚಿನ ಮೇಲೆ, ಬಸ್ಸಿಗೆ ಕಾಯುವ ಕಟ್ಟೆಯ ಮೇಲೆ, ಮದುವೆಯ ಹಂದರದ ಕೆಳಗೆ, ತೊಗರಿ ರಾಶಿ ಮುಗಿಸಿ ದಣಿವಾರಿಸಿಕೊಳ್ಳುವ ಕಣದಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೂ ಮಾತು ಒಂದಲ್ಲ ಒಂದು ಗಳಿಗೆಯಲ್ಲಿ ಸಿನಿಮಾದತ್ತ ಹೊರಳುತ್ತದೆ. ರಾಜಕುಮಾರರ ಅಭಿನಯ ಪೌರಾಣಿಕದಲ್ಲಿ ಮಿಗಿಲೋ ಸಾಮಾಜಿಕದಲ್ಲಿ ಮಿಗಿಲೋ ಎಂಬ ವಾದ ಗಂಟೆಗಟ್ಟಲೆ ನಡೆದು, ಕೊನೆಗೆ ಚಹಾದ ಲೆಕ್ಕ ಯಾರು ಕೊಡಬೇಕೆಂಬ ವಾದದಲ್ಲಿ ಮುಕ್ತಾಯವಾಗುತ್ತದೆ. ಆದರೆ ಅದೇ ಕಟ್ಟೆಯ ಮೇಲೆ ಕುಳಿತು ‘ಜಗತ್ತಿನ ಶ್ರೇಷ್ಠ ಚಿತ್ರಗಳು’ ಎಂಬ ಮಾತನ್ನೊಮ್ಮೆ ಎತ್ತಿ ನೋಡಿ. ಅಷ್ಟು ಹೊತ್ತು ಪಟಪಟನೆ ಮಾತಾಡಿದವರೆಲ್ಲ ಒಮ್ಮೆಲೇ ಮೌನಿಗಳಾಗುತ್ತಾರೆ. ಅದು ಓದಿದವರ ವಿಷಯ, ಬೆಂಗಳೂರಿನವರ ವಿಷಯ, ಇಂಗ್ಲಿಷ್ ಬಲ್ಲವರ ವಿಷಯ ಎಂಬ ಭಾವ ಅವರ ಮುಖದ ಮೇಲೆ ಮೂಡುತ್ತದೆ.

ಈ ಮೌನ ಸಹಜವಾದುದಲ್ಲ, ಅದು ನಿರ್ಮಿತವಾದುದು ಎಂಬುದೇ ಈ ಬರಹದಲ್ಲಿ ನಾನು ನಿವೇದಿಸಬಯಸುವ ಸಂಗತಿ. ಚಿಂಚೋಳಿ ತಾಲ್ಲೂಕಿನ ನಮ್ಮ ಐನಾಪುರದಂಥ ಊರಿನ ಜನರಿಗೆ ಜಗತ್ತಿನ ದೊಡ್ಡ ಚಿತ್ರಗಳನ್ನು ಅರಿಯುವ ಶಕ್ತಿಯೂ ಇದೆ, ಅವುಗಳ ಕುರಿತು ಜಗತ್ತಿಗೆ ಹೊಸದಾಗಿ ಹೇಳಬಲ್ಲ ಮಾತೂ ಇದೆ. ಅವರನ್ನು ಹೊರಗೆ ನಿಲ್ಲಿಸಿರುವುದು ಅಭಿರುಚಿಯ ಕೊರತೆಯಲ್ಲ. ಪರದೆಯ ಬುಡದಲ್ಲಿ ಓಡುವ ಎರಡು ಸಾಲಿನ ಇಂಗ್ಲಿಷ್ ಅಡಿಬರಹ.

ಮೊದಲಿಗೆ, ಈ ‘ಶ್ರೇಷ್ಠ’ ಎಂಬ ಪದವಿಯನ್ನು ಕೊಡುವವರು ಯಾರು ಎಂಬುದನ್ನು ವಿಚಾರಿಸೋಣ. ಇಂಗ್ಲೆಂಡಿನ ‘ಸೈಟ್ ಅಂಡ್ ಸೌಂಡ್’ ಎಂಬ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಪಡೆದು ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಮೊದಲ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆದದ್ದು ಇಟಲಿಯ ವಿಟ್ಟೋರಿಯೋ ಡಿ ಸಿಕಾ ನಿರ್ದೇಶಿಸಿದ ‘ಬೈಸಿಕಲ್ ಥೀವ್ಸ್’. ಅನಂತರ 1962ರಿಂದ 2002ರವರೆಗಿನ ಐದು ಪಟ್ಟಿಗಳಲ್ಲಿ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ ಆ ಸ್ಥಾನವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. 2012ರಲ್ಲಿ ಹಿಚ್‌ಕಾಕ್‌ನ ‘ವರ್ಟಿಗೋ’ ಅದನ್ನು ಕೆಳಗಿಳಿಸಿತು. 2022ರಲ್ಲಿ ಎಲ್ಲರೂ ಹುಬ್ಬೇರಿಸುವಂತೆ, ಬೆಲ್ಜಿಯಂ ದೇಶದ ಶಾಂತಾಲ್ ಆಕರ್‌ಮನ್ ಎಂಬ ಮಹಿಳೆ 1975ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ತಯಾರಿಸಿದ ‘ಜಾನ್ ಡಿಲ್‌ಮಾನ್’ ಮೊದಲ ಸ್ಥಾನಕ್ಕೆ ಬಂದಿತು. ಬ್ರಸೆಲ್ಸ್ ನಗರದ ಒಬ್ಬ ವಿಧವೆ ಅಡುಗೆ ಮಾಡುವುದನ್ನು, ಆಲೂಗಡ್ಡೆ ಸುಲಿಯುವುದನ್ನು, ಹಾಸಿಗೆ ಮಡಚುವುದನ್ನು ಮೂರು ಗಂಟೆಗೂ ಮೀರಿ ತೋರಿಸುವ ಚಿತ್ರವಿದು. ಅದೇ ಪಟ್ಟಿಯಲ್ಲಿ ನಮ್ಮ ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ 35ನೆಯ ಸ್ಥಾನದಲ್ಲಿದೆ.

ಈ ಬದಲಾವಣೆ ಹೇಗಾಯಿತು? ಚಿತ್ರಗಳು ತಾವಾಗಿ ಬದಲಾಗಲಿಲ್ಲ. 1975ರಲ್ಲಿ ಸುಲಿದ ಆಲೂಗಡ್ಡೆಯೇ 2022ರಲ್ಲಿಯೂ ಇತ್ತು. ಬದಲಾದವರು ಮತ ನೀಡಿದವರು. 2012ರಲ್ಲಿ 846 ಮಂದಿ ಅಭಿಪ್ರಾಯ ಹೇಳಿದ್ದರೆ, 2022ರಲ್ಲಿ ಆ ಸಂಖ್ಯೆ 1639ಕ್ಕೆ ಏರಿತು. ಪಂಚಾಯಿತಿಯ ಕಟ್ಟೆಯ ಮೇಲೆ ಹೊಸಬರು ಬಂದು ಕುಳಿತರು, ತೀರ್ಪು ಬದಲಾಯಿತು. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ದಿನಕ್ಕೆ ಎರಡು ಹೊತ್ತು ರೊಟ್ಟಿ ಬಡಿಯುವ ತಾಯಿಗೆ ಆ ಚಿತ್ರದಲ್ಲಿ ಕಾಣುವುದು, ಬಡಿದ ರೊಟ್ಟಿಯನ್ನು ಉಂಡೇಳುವ ಗಂಡಸಿಗೆ ಕಾಣಲಾರದು. ಹಾಗಾದರೆ ಸಹಜವಾಗಿ ಏಳುವ ಪ್ರಶ್ನೆ ಇದು: ಆ ಕಟ್ಟೆಯ ಮೇಲೆ ಇನ್ನೂ ಕುಳಿತೇ ಇರದವರು ಯಾರು ಯಾರು? ಅವರು ಬಂದು ಕುಳಿತರೆ ನಾವು ಶ್ರೇಷ್ಠವೆಂದು ನಂಬಿರುವ ಚಿತ್ರಗಳಲ್ಲಿ ಏನೇನು ಹೊಸದಾಗಿ ಕಂಡೀತು?

ಸಿನಿಮಾ ನೋಡಿದವರು ಒಟ್ಟಿಗೆ ಕುಳಿತು ಮಾತಾಡುವುದರಿಂದ ಏನೂ ಆಗುವುದಿಲ್ಲ, ಅದು ಕಾಲಹರಣ ಎನ್ನುವವರು ಇತಿಹಾಸವನ್ನು ಗಮನಿಸಬೇಕು. 1947ರಲ್ಲಿ ಸತ್ಯಜಿತ್ ರೇ, ಚಿದಾನಂದ ದಾಸಗುಪ್ತ ಮೊದಲಾದ ಗೆಳೆಯರು ಸೇರಿ ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಕಟ್ಟಿದರು. ಆಗ ರೇ ಇನ್ನೂ ನಿರ್ದೇಶಕರಲ್ಲ. ಸಿನಿಮಾ ಹುಚ್ಚಿನ ಒಬ್ಬ ತರುಣ ಮಾತ್ರ. 1950ರಲ್ಲಿ ಅವರು ಲಂಡನ್ನಿನಲ್ಲಿ ‘ಬೈಸಿಕಲ್ ಥೀವ್ಸ್’ ನೋಡಿದರು. ವೃತ್ತಿನಟರ ಹಂಗಿಲ್ಲದೆ, ನಿಜವಾದ ಬೀದಿಗಳಲ್ಲಿಯೇ ಚಿತ್ರ ತೆಗೆಯಬಹುದೆಂಬ ಧೈರ್ಯ ಅವರಿಗೆ ಬಂದದ್ದು ಅಲ್ಲಿಂದ. ಐದು ವರ್ಷಗಳ ತರುವಾಯ ‘ಪಥೇರ್ ಪಾಂಚಾಲಿ’ ಹುಟ್ಟಿತು. ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 1952ರಲ್ಲಿ ಮುಂಬಯಿಯಲ್ಲಿ ನಡೆದಾಗ ಅದೇ ಇಟಲಿಯ ಚಿತ್ರವನ್ನು ಕಂಡ ಬಿಮಲ್ ರಾಯ್, ಮರುವರ್ಷ ‘ದೋ ಬಿಘಾ ಜಮೀನ್’ ತೆಗೆದರು. ಹೀಗೆ ಒಂದು ದೇಶದ ಚಿತ್ರ ಇನ್ನೊಂದು ದೇಶದ ಮಣ್ಣಿನಲ್ಲಿ ಬಿದ್ದು ಮೊಳೆತಿದೆ.

ಕನ್ನಡದಲ್ಲಿಯೂ ಆದದ್ದು ಇದೇ. 1970ರಲ್ಲಿ ‘ಸಂಸ್ಕಾರ’ ಬಂದು ರಾಷ್ಟ್ರಪತಿಗಳ ಸ್ವರ್ಣ ಕಮಲವನ್ನು ಗಳಿಸಿತು. 1971ರಲ್ಲಿ ಬೆಂಗಳೂರಿನಲ್ಲಿ ‘ಸುಚಿತ್ರಾ’ ಸಿನಿಮಾ ಸಂಘ ಹುಟ್ಟಿತು. ಆದರೆ ನನ್ನ ವಾದಕ್ಕೆ ಎಲ್ಲಕ್ಕಿಂತ ಮುಖ್ಯವಾದ ಸಾಕ್ಷಿ ಸಿಗುವುದು ರಾಜಧಾನಿಯಿಂದ ಬಹುದೂರದ, ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಹಳ್ಳಿಯಲ್ಲಿ. ಅಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಮ್ ಸಂಸ್ಥೆಯ ಅಂಗವಾಗಿ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿದರು. ಅಡಿಕೆ ತೋಟದ ನಡುವಿನ ಆ ರಂಗಮಂದಿರದಲ್ಲಿ ರೇ, ಕುರೋಸಾವ ಮೊದಲಾದವರ ಚಿತ್ರಗಳನ್ನು ಊರವರಿಗೆ ತೋರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದೂರರಂಥವರನ್ನು ಕರೆಸಿ ಸಿನಿಮಾ ರಸಗ್ರಹಣ ಶಿಬಿರಗಳನ್ನು ನಡೆಸಿದರು. ಚಿತ್ರದ ಬಗ್ಗೆ ಕನ್ನಡದಲ್ಲಿ ಹೇಳುವುದು, ಚಿತ್ರ ಮುಗಿದ ಮೇಲೆ ಕನ್ನಡದಲ್ಲಿಯೇ ಚರ್ಚಿಸುವುದು ಅವರ ಕ್ರಮ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಆ ಪ್ರಶಸ್ತಿಗಿಂತಲೂ ದೊಡ್ಡದು ಅವರು ಸಿದ್ಧಪಡಿಸಿ ತೋರಿಸಿದ ಸತ್ಯ: ಹಳ್ಳಿಯವನಿಗೆ ಹಳ್ಳಿಯ ಮಟ್ಟದ್ದೇ ಕಲೆ ಸಾಕೆಂಬುದು ಪಟ್ಟಣದವರ ಊಹೆ.

ಇನ್ನು ನಮ್ಮ ಸೀಮೆಗೆ ಬರೋಣ. ಮಲೆನಾಡಿನಲ್ಲಿ ನಡೆದದ್ದು ನಮ್ಮ ಕಡೆ ಏಕೆ ನಡೆಯಲಿಲ್ಲ ಎಂದು ಕೇಳಿದರೆ, ನಮ್ಮದು ಹಿಂದುಳಿದ ಪ್ರದೇಶವೆಂಬ ಸಿದ್ಧ ಉತ್ತರ ಬರುತ್ತದೆ. ಆ ಉತ್ತರದಲ್ಲಿ ನನಗೆ ಪೂರ್ಣ ಸಮ್ಮತಿಯಿಲ್ಲ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಮೊದಲೇ, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂದಿತ್ತು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು. ಅಮೆರಿಕದ ಎಟಿಎಸ್-6 ಉಪಗ್ರಹವು ನಮ್ಮ ಜಿಲ್ಲೆಯ ಹಳ್ಳಿಗಳ ಜನರೊಡನೆ ಕನ್ನಡದಲ್ಲಿ ಮಾತಾಡಿತು. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರಿಗೆ ಊರೇ. ಆಕಾಶದಿಂದ ಬಂದ ಮಾತಾದರೂ ತಮ್ಮ ಭಾಷೆಯಲ್ಲಿದ್ದ ಕಾರಣ ಜನ ಕುಳಿತು ಕೇಳಿದರು. 1980ರ ದಶಕದಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ಬಂಗಾಳಿ, ಮಲಯಾಳ, ಅಸ್ಸಾಮಿ ಭಾಷೆಗಳ ಪ್ರಶಸ್ತಿ ಪಡೆದ ಚಿತ್ರಗಳು ಬರತೊಡಗಿದವು. ಅವುಗಳ ಬುಡದಲ್ಲಿ ಇದ್ದದ್ದು ಇಂಗ್ಲಿಷ್ ಅಡಿಬರಹ. ಬಲ್ಲವರು ಓದಿಕೊಂಡರು, ಅರಿಯದವರು ಎದ್ದುಹೋದರು. ಎದ್ದುಹೋದವರನ್ನು ನಾವು ಅರಸಿಕರೆಂದು ಕರೆದೆವು.

ಆ ಎದ್ದುಹೋದ ಜನ ಹೇಳಬಹುದಾಗಿದ್ದ ಮಾತು ಎಂಥದು? ಮೂರು ನಾಲ್ಕು ಚಿತ್ರಗಳನ್ನು ನಮ್ಮ ನೆಲದ ಮೇಲಿಟ್ಟು ನೋಡೋಣ.

‘ಬೈಸಿಕಲ್ ಥೀವ್ಸ್’ ಬಂದದ್ದು 1948ರಲ್ಲಿ. ಯುದ್ಧಾನಂತರದ ರೋಮ್ ನಗರ. ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಆಂಟೋನಿಯೋ ಎಂಬುವನಿಗೆ ಸಿಗುತ್ತದೆ. ಕೆಲಸಕ್ಕೆ ಸೈಕಲ್ ಬೇಕೇ ಬೇಕು. ಹೆಂಡತಿ ಹಾಸಿಗೆಯ ಹೊದಿಕೆಗಳನ್ನು ಒತ್ತೆಯಿಟ್ಟು ಸೈಕಲ್ಲನ್ನು ಬಿಡಿಸಿಕೊಡುತ್ತಾಳೆ. ಹಾಲಿವುಡ್ ತಾರೆ ರೀಟಾ ಹೇವರ್ತ್‌ಳ ಚಿತ್ರವನ್ನು ಆತ ಗೋಡೆಗೆ ಅಂಟಿಸುತ್ತಿರುವಾಗಲೇ ಸೈಕಲ್ ಕಳುವಾಗುತ್ತದೆ. ಆ ಪಾತ್ರ ಮಾಡಿದವನು ನಟನಲ್ಲ, ಕಾರ್ಖಾನೆಯ ಕಾರ್ಮಿಕ. ವಾಡಿ, ಶಹಾಬಾದಿನ ಸಿಮೆಂಟು ಕಾರ್ಖಾನೆ ಮತ್ತು ಕಲ್ಲಿನ ಗಣಿಗಳಿಗೆ ಬೆಳಗಿನ ಪಾಳಿಗೆಂದು ಸೈಕಲ್ ತುಳಿದು ದುಡಿದ ತಲೆಮಾರಿಗೆ ಈ ಕಥೆಯನ್ನು ಯಾವ ವಿಮರ್ಶಕ ಬಿಡಿಸಿ ಹೇಳಬೇಕು? ವಿಮರ್ಶೆಯ ಪುಸ್ತಕಗಳು ಇದನ್ನು ನವವಾಸ್ತವವಾದವೆಂದು ಕರೆಯುತ್ತವೆ. ದುಡಿಯುವವನು ಇದನ್ನು ಸೈಕಲ್ ಹೋದರೆ ಪಾಳಿ ಹೋಯಿತು, ಪಾಳಿ ಹೋದರೆ ಒಲೆ ಆರಿತು ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲ.

‘ಪಥೇರ್ ಪಾಂಚಾಲಿ’ಯ ರೈಲಿನ ದೃಶ್ಯ ಜಗತ್ಪ್ರಸಿದ್ಧ. ಬಿಳಿಯ ಹುಲ್ಲಿನ ನಡುವೆ ಓಡಿ ಅಪು ಮತ್ತು ದುರ್ಗಾ ರೈಲನ್ನು ಕಾಣುತ್ತಾರೆ. ಅದರ ಮೇಲೆ ಪುಟಗಟ್ಟಲೆ ವ್ಯಾಖ್ಯಾನಗಳು ಬಂದಿವೆ. ಆದರೆ ನಮ್ಮ ಸೀಮೆಯ ಪ್ರೇಕ್ಷಕನನ್ನು ಹೆಚ್ಚು ಕಾಡುವುದು ಚಿತ್ರದ ಕೊನೆ ಎಂದು ನನ್ನ ಎಣಿಕೆ. ಮಗಳನ್ನು ಕಳೆದುಕೊಂಡ ಸಂಸಾರ ಮನೆ ಬಿಟ್ಟು ಎತ್ತಿನ ಗಾಡಿಯಲ್ಲಿ ಕಾಶಿಗೆ ಹೊರಡುತ್ತದೆ. ಬರಿದಾದ ಮನೆಯೊಳಕ್ಕೆ ಹಾವೊಂದು ಹರಿದು ಹೋಗುತ್ತದೆ. ಚಿಂಚೋಳಿ, ಸೇಡಂ ಭಾಗದ ಹಳ್ಳಿಗಳಲ್ಲಿ ಮತ್ತು ತಾಂಡಾಗಳಲ್ಲಿ ರಾಶಿ ಮುಗಿದ ಮೇಲೆ ಹೈದರಾಬಾದ್, ಮುಂಬಯಿ, ಪುಣೆಗಳ ಕಡೆ ದುಡಿಯಲು ಹೋದವರ ಮನೆಗಳ ಬಾಗಿಲಿನ ಬೀಗ ನೋಡಿದವರಿಗೆ ಆ ಹಾವು ಸಂಕೇತವಲ್ಲ, ನಿಜವಾದ ಹಾವು. 1980ರಲ್ಲಿ ರಾಜ್ಯಸಭೆಯ ಸದಸ್ಯೆಯಾಗಿದ್ದ ನಟಿ ನರ್ಗಿಸ್ ಅವರು, ರೇ ಭಾರತದ ಬಡತನವನ್ನು ಹೊರದೇಶಗಳಿಗೆ ತೋರಿಸುತ್ತಾರೆಂದು ಆಕ್ಷೇಪಿಸಿದರು. ದೊಡ್ಡ ಚರ್ಚೆ ನಡೆಯಿತು. ಪರ ವಿರೋಧಗಳ ಮಾತುಗಳು ಪತ್ರಿಕೆಗಳ ತುಂಬ ಬಂದವು. ಆ ಬಡತನದೊಳಗೇ ಬಾಳುವ ಜನ ಆ ಚಿತ್ರ ನೋಡಿ ಏನೆಂದರು, ಅವರಿಗೆ ಅಲ್ಲಿ ಕಂಡದ್ದು ಬಡತನವೋ ಸಂಸಾರವೋ, ಎಂದು ಕೇಳುವ ವ್ಯವಧಾನ ಮಾತ್ರ ಉಭಯಪಕ್ಷಗಳಿಗೂ ಇರಲಿಲ್ಲ.

ಕುರೋಸಾವರ ‘ರಶೋಮನ್’ 1950ರ ಚಿತ್ರ. ಮರುವರ್ಷ ವೆನಿಸ್ ಉತ್ಸವದಲ್ಲಿ ಸ್ವರ್ಣ ಸಿಂಹ ಪ್ರಶಸ್ತಿ ಪಡೆದು ಜಪಾನೀ ಸಿನಿಮಾದ ಕಡೆಗೆ ಲೋಕದ ಕಣ್ಣು ತೆರೆಯಿಸಿತು. ಒಂದು ಕೊಲೆ, ನಾಲ್ಕು ಹೇಳಿಕೆಗಳು. ದರೋಡೆಕೋರ ಒಂದು ಹೇಳುತ್ತಾನೆ, ಹೆಂಗಸು ಒಂದು, ಸತ್ತವನು ಮೈಮೇಲೆ ಬಂದು ಇನ್ನೊಂದು, ಕಟ್ಟಿಗೆ ಕಡಿಯುವವನು ಮತ್ತೊಂದು. ಸತ್ಯದ ಸಾಪೇಕ್ಷತೆ ಎಂದು ಪಂಡಿತರು ವಿವರಿಸುವ ಈ ಸಂಗತಿ, ಬದುವಿನ ಜಗಳದಲ್ಲಿ ಸಾಕ್ಷಿ ಕೇಳಿ ಬೇಸತ್ತ ಯಾವ ಊರ ಹಿರಿಯನಿಗೂ ಅಪರಿಚಿತವಲ್ಲ. ಸತ್ತವನು ಮೈಮೇಲೆ ಬಂದು ನುಡಿಯುವುದಂತೂ ನಮ್ಮ ಜಾತ್ರೆಗಳನ್ನು ಕಂಡವರಿಗೆ ತೀರ ಪರಿಚಿತ. ಸತ್ತವನೂ ಸುಳ್ಳು ಹೇಳಬಲ್ಲ ಎಂಬ ಕುರೋಸಾವರ ಸೂಚನೆಗೆ ನಮ್ಮವರು ಏನೆಂದಾರು? ಒಪ್ಪಿಯಾರೇ, ಸಿಟ್ಟಿಗೆದ್ದಾರೇ? ಈ ಕೌತುಕವೇ ನನ್ನನ್ನು ಈ ಬರಹಕ್ಕೆ ಪ್ರೇರೇಪಿಸಿದ್ದು ಎಂದರೂ ತಪ್ಪಿಲ್ಲ.

ಶ್ಯಾಮ್ ಬೆನಗಲ್ ಅವರ ‘ಅಂಕುರ್’ ಚಿತ್ರದ ಮಾತು ಬೇರೆಯೇ. ಹೈದರಾಬಾದಿನಲ್ಲಿ ಬೆಳೆದು, ಅಲ್ಲಿ ಫಿಲ್ಮ್ ಸೊಸೈಟಿ ಕಟ್ಟಿದ ಬೆನಗಲ್ 1974ರಲ್ಲಿ ಈ ಚಿತ್ರವನ್ನು ಕೊಟ್ಟರು. ಜಮೀನ್ದಾರನ ಮಗನಾಗಿ ನಮ್ಮ ಅನಂತನಾಗ್, ಕೆಲಸದಾಕೆ ಲಕ್ಷ್ಮಿಯಾಗಿ ಶಬಾನಾ ಆಜ್ಮಿ. ಪಾತ್ರಗಳು ಆಡುವುದು ಪುಸ್ತಕದ ಹಿಂದಿಯಲ್ಲ, ದಖ್ಖನಿ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿಯೇ ಇದ್ದ ನಮ್ಮ ಜಿಲ್ಲೆಯ ಸಂತೆಬಜಾರುಗಳಲ್ಲಿ ಆ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ದೆಹಲಿಯ ವಿಮರ್ಶಕನಿಗೆ ಅದು ಪ್ರಾದೇಶಿಕ ಸೊಗಡು. ನಮಗೆ ಅದು ಸಂತೆಯ ಮಾತು. 1949ರಲ್ಲಿ ಜಹಗೀರುಗಳು ರದ್ದಾದರೂ ಜಹಗೀರಿನ ಗತ್ತು ರದ್ದಾಗಲು ಎಷ್ಟು ವರ್ಷ ಹಿಡಿಯಿತೆಂಬುದನ್ನು ಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಚಿತ್ರದ ಕೊನೆಯಲ್ಲಿ ಪುಟ್ಟ ಹುಡುಗನೊಬ್ಬ ಜಮೀನ್ದಾರನ ಮನೆಯ ಗಾಜಿಗೆ ಕಲ್ಲು ಬೀರಿ ಓಡುತ್ತಾನೆ. ಆ ಕಲ್ಲು ಸಾಕಾಯಿತೇ, ತಡವಾಯಿತೇ ಎಂದು ಹೇಳುವ ಅಧಿಕಾರ ಅವರಿಗಿಂತ ಹೆಚ್ಚಾಗಿ ಯಾರಿಗಿದೆ?

ಈ ಹಿರಿಯರ ತಲೆಮಾರು ಕರಗುತ್ತಿದೆ. ನಾನು ಈ ವಿಷಯವನ್ನು ಆಗಲಿ ನೋಡೋಣವೆಂದು ಮುಂದೂಡಲಾರೆ ಎನ್ನುವುದಕ್ಕೆ ಅದೇ ಕಾರಣ. 2022ರಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಸಂಘದ ಭಾರತೀಯ ಶಾಖೆ ನಮ್ಮ ದೇಶದ ಹತ್ತು ಅತ್ಯುತ್ತಮ ಚಿತ್ರಗಳನ್ನು ಆರಿಸಿದಾಗ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಐದನೆಯದಾಗಿ, ಕನ್ನಡಿಗ ಎಂ. ಎಸ್. ಸತ್ಯು ಅವರ ‘ಗರಂ ಹವಾ’ ಆರನೆಯದಾಗಿ, ‘ಅಂಕುರ್’ ಎಂಟನೆಯದಾಗಿ ಬಂದವು. 1977ರ ‘ಘಟಶ್ರಾದ್ಧ’ವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿಸಿದರು. ಸಂತೋಷದ ವಿಷಯ. ಇಟಲಿಯವರು ನೋಡಿದ ನಮ್ಮ ಚಿತ್ರವನ್ನು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ನೋಡಿದ್ದಾರೆಂದು ಕೇಳಿದರೆ ಮಾತ್ರ ಸಂತೋಷ ತುಸು ಬಾಡುತ್ತದೆ. ಇದಕ್ಕಂತೂ ಅಡಿಬರಹದ ನೆಪವೂ ಇಲ್ಲ.

ನನ್ನ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ಬಲ್ಲೆ. ದಿನವಿಡೀ ದುಡಿದು ಬಂದವನಿಗೆ ಮನರಂಜನೆ ಬೇಕು, ಇಂಥ ಚಿತ್ರಗಳು ಬೇಡ ಎಂಬುದು ಮೊದಲನೆಯದು. ದುಡಿದು ಬಂದವರೇ ರಾತ್ರಿಯಿಡೀ ದೊಡ್ಡಾಟ ನೋಡುತ್ತಿದ್ದರಲ್ಲ? ಶ್ರಾವಣ ಮಾಸ ಪೂರ್ತಿ ಮಠದ ಅಂಗಳದಲ್ಲಿ ಕುಳಿತು ಪುರಾಣ ಕೇಳುತ್ತಾರಲ್ಲ? ದೀರ್ಘವಾದುದನ್ನು, ಗಂಭೀರವಾದುದನ್ನು ತಾಳ್ಮೆಯಿಂದ ಕೇಳುವ ಅಭ್ಯಾಸ ನಮ್ಮವರಿಗೆ ಹೊಸದಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಬದುಕಿನ ಅನುಭವವೊಂದೇ ಸಾಲದು, ಸಿನಿಮಾ ಒಂದು ಕಲೆ, ಅದರ ವ್ಯಾಕರಣ ತಿಳಿಯದವನ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. 1956ರ ‘ಅಪರಾಜಿತೋ’ ಚಿತ್ರದಲ್ಲಿ ಕಾಶಿಯ ಮನೆಯ ಅಂಗಳವನ್ನು ಕೃತಕವಾಗಿ ನಿರ್ಮಿಸಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ದೀಪದ ಬೆಳಕನ್ನು ನೇರವಾಗಿ ಬಿಡದೆ, ಮೇಲೆ ಕಟ್ಟಿದ ಬಟ್ಟೆಗೆ ತಾಗಿಸಿ ಪ್ರತಿಫಲಿಸಿ, ಹಗಲಿನ ನೆರಳಿಲ್ಲದ ಮೆದು ಬೆಳಕನ್ನು ತಂದರು. ಇದನ್ನು ತಿಳಿದು ನೋಡಿದವನ ಕಣ್ಣು ತಿಳಿಯದವನ ಕಣ್ಣಿಗಿಂತ ಹೆಚ್ಚನ್ನು ಕಾಣುತ್ತದೆ ನಿಜ. ಆದರೆ ಈ ತಿಳಿವಳಿಕೆ ಕಲಿಸಿದರೆ ಬರುವಂಥದು. ನಾನೀಗ ಮೂರು ವಾಕ್ಯಗಳಲ್ಲಿ ಕನ್ನಡದಲ್ಲಿಯೇ ಹೇಳಿದೆ. ಬೀಗ ಹಾಕಿದ ಮನೆಯ ಅನುಭವವನ್ನು ಮೂರು ವಾಕ್ಯಗಳಲ್ಲಿ ಕಲಿಸಲು ಸಾಧ್ಯವೇ? ಕಲಿಸಬಹುದಾದುದು ಇಲ್ಲವೆಂಬ ಕಾರಣಕ್ಕೆ ಕಲಿಸಲಾಗದುದನ್ನು ಉಳ್ಳವರನ್ನು ಹೊರಗಿಡುವುದು ಯಾವ ನ್ಯಾಯ?

ಹಾಗೆಂದು, ಹಳ್ಳಿಯವರು ಆಡಿದ್ದೆಲ್ಲ ಅಮೃತವೆಂಬ ಭಾವುಕತೆಯೂ ನನಗಿಲ್ಲ. ಅಭಿಮಾನ ಬೇರೆ, ಅಭಿಪ್ರಾಯ ಬೇರೆ. ಅಭಿಮಾನಿ ತನ್ನದನ್ನು ಕಾಯುತ್ತಾನೆ. ಎದುರಾಡಿದವರು ಅವನಿಗೆ ವೈರಿಗಳು. ಅಭಿಪ್ರಾಯವುಳ್ಳವನು ಏಕೆ ಎಂಬ ಪ್ರಶ್ನೆಗೆ ಉತ್ತರಿಸಲು ಸಿದ್ಧನಿರುತ್ತಾನೆ, ಬೇಕಾದರೆ ಬದಲಾಗಲೂ ಸಿದ್ಧನಿರುತ್ತಾನೆ. ಈ ರೋಗ ವಿದ್ಯಾವಂತ ಚಿತ್ರಪ್ರೇಮಿಗಳನ್ನೂ ಬಿಟ್ಟಿಲ್ಲ. ನಾಯಕನಟನ ಕಟೌಟಿಗೆ ಹಾಲೆರೆಯುವವನನ್ನು ಕಂಡು ನಗುವವರು, ತಾವು ಮೆಚ್ಚಿದ ವಿದೇಶೀ ನಿರ್ದೇಶಕನ ಹೆಸರಿಗೆ ಅದೇ ಹಾಲನ್ನು ಮಾತಿನಲ್ಲಿ ಎರೆಯುತ್ತಿರುತ್ತಾರೆ. ನಮ್ಮ ಅಲಂಕಾರಿಕರು ಬಳಸಿದ ‘ಸಹೃದಯ’ ಎಂಬ ಶಬ್ದ ಎಷ್ಟು ಅರ್ಥಪೂರ್ಣ! ಹೃದಯ ಮಾತ್ರವಿದ್ದರೆ ಸಾಲದು, ಇನ್ನೊಂದು ಹೃದಯದ ಜೊತೆಯಿರಬೇಕು. ಅದು ಒಂಟಿಯಾಗಿ ಕುಳಿತು ಅಂಗೈಯ ಮೊಬೈಲಿನಲ್ಲಿ ಚಿತ್ರ ನೋಡುವುದರಿಂದ ಸುಲಭವಾಗಿ ಬರುವಂಥದಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಡಬ್ಬಿಂಗ್ ಒಂದು ದಾರಿಯಾಗಬಹುದಿತ್ತು. ಕನ್ನಡದಲ್ಲಿ ದಶಕಗಳ ಕಾಲ ಅದಕ್ಕೆ ಅಘೋಷಿತ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶದ ನಂತರ ಆ ತಡೆ ಸಡಿಲವಾಯಿತು. ಆದರೆ ಬಾಗಿಲು ತೆರೆದಾಗ ಒಳಬಂದವು ಹೊಡೆದಾಟದ ದೊಡ್ಡ ಚಿತ್ರಗಳು. ‘ರಶೋಮನ್’ ಬಾಗಿಲಲ್ಲೇ ನಿಂತಿದೆ. ವ್ಯಾಪಾರಿ ಅದನ್ನು ಒಳತರುವನೆಂದು ಕಾಯುವುದು ವ್ಯರ್ಥ.

ಉಪಾಯ ನಮ್ಮ ಮಠದ ಅಂಗಳದಲ್ಲಿಯೇ ಇದೆ. ಪುರಾಣ ಓದುವಾಗ ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಹಳಗನ್ನಡ ಅರಿಯದವರೂ ತಲೆದೂಗುತ್ತಾರೆ. ಸಿನಿಮಾಕ್ಕೂ ಅರ್ಥ ಹೇಳುವವರು ಬೇಕು. ಇದು ಅಸಂಗತ ಕಲ್ಪನೆಯಲ್ಲ. ಜಪಾನಿನಲ್ಲಿ ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕದಲ್ಲಿ ನಿಂತು ಕಥೆ ಹೇಳುವ ‘ಬೆನ್ಶಿ’ ಎಂಬ ಕಲಾವಿದರಿದ್ದರು, ಜನ ಅವರ ಹೆಸರು ನೋಡಿಯೇ ಚಿತ್ರಮಂದಿರಕ್ಕೆ ಬರುತ್ತಿದ್ದರು. ಕುರೋಸಾವರ ಅಣ್ಣನೇ ಒಬ್ಬ ಬೆನ್ಶಿ. ತಮ್ಮನಿಗೆ ಜಗತ್ತಿನ ಸಿನಿಮಾದ ರುಚಿ ಹತ್ತಿಸಿದವನು ಅವನು. ಪರದೆಯ ಪಕ್ಕದ ಒಂದು ಧ್ವನಿ ಒಬ್ಬ ಕುರೋಸಾವನನ್ನು ರೂಪಿಸಬಲ್ಲುದಾದರೆ, ನಮ್ಮ ಶಾಲೆಯ ಒಬ್ಬ ಕನ್ನಡ ಮೇಷ್ಟ್ರು ಏನೇನನ್ನು ಮಾಡಬಾರದು?

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದಿವೆ; ಶಾಲೆಗಳಿವೆ, ಬಿಳಿಯ ಗೋಡೆಗಳಿವೆ. ನಮ್ಮ ಕಾಯಿದೆಯ ಪ್ರಕಾರ ಚಲನಚಿತ್ರವೊಂದರ ಹಕ್ಕುಸ್ವಾಮ್ಯ ಬಿಡುಗಡೆಯಾದ ವರ್ಷದ ತರುವಾಯ 60 ವರ್ಷ ಇರುತ್ತದೆ. ‘ಪಥೇರ್ ಪಾಂಚಾಲಿ’ಯ ಅವಧಿ 2015ರ ಕೊನೆಗೇ ಮುಗಿದಿದೆ. ಈಚಿನ ಚಿತ್ರಗಳಿಗೆ ಅನುಮತಿ ಕೇಳಿ ಪಡೆಯಬೇಕು. ತಿಂಗಳಿಗೊಂದು ಚಿತ್ರ. ಮೊದಲು ಕಾಲು ಗಂಟೆ ಪರಿಚಯ. ನಡುವೆ ಬೇಕಾದಲ್ಲಿ ಮಾತ್ರ, ಮೆಲುದನಿಯಲ್ಲಿ, ಅರ್ಥ. ಮುಗಿದ ಮೇಲೆ ಒಂದು ತಾಸು ಚರ್ಚೆ. ಹೆಂಗಸರಿಗೆ ಮುಂದಿನ ಸಾಲು, ಮೊದಲ ಮಾತು. ಮೇಷ್ಟ್ರ ಮಾತು ಕೊನೆಗೆ, ಅದೂ ಚುಟುಕಾಗಿ. ಇಲ್ಲದಿದ್ದರೆ ಅದು ಪಾಠವಾಗಿಬಿಡುತ್ತದೆ. ನಮ್ಮ ಜಾತಿಯವರ ಚಾಳಿ ನನಗೆ ಗೊತ್ತಿಲ್ಲದ್ದೇನಲ್ಲ.

ಆಡಿದ ಮಾತುಗಳನ್ನು ಯಾರಾದರೂ ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ರೋಮ್ ನಗರದ ಸೈಕಲ್ಲಿನ ಬಗ್ಗೆ ಶಹಾಬಾದಿನ ಕಾರ್ಮಿಕ ಏನೆಂದ, ಬ್ರಸೆಲ್ಸಿನ ವಿಧವೆಯ ಬಗ್ಗೆ ಐನಾಪುರದ ತಾಯಿ ಏನೆಂದಳು ಎಂಬುದು ಅದರಲ್ಲಿರಲಿ. ಅಂಥ ಹತ್ತು ನೋಟುಪುಸ್ತಕಗಳು ತುಂಬಿದ ದಿನ, ಶ್ರೇಷ್ಠ ಚಿತ್ರಗಳ ಮುಂದಿನ ಪಟ್ಟಿಯನ್ನು ಲಂಡನ್ನಿನವರು ಪ್ರಕಟಿಸಿದಾಗ ನಾವು ಅದನ್ನು ಬಾಯಿಪಾಠ ಮಾಡುವ ಬದಲು ಓದಿ, ಇದು ಸರಿ, ಇದು ಸರಿಯಲ್ಲ ಎಂದು ಕಾರಣ ಕೊಟ್ಟು ಹೇಳಬಲ್ಲೆವು.